ಸಂತಾನೋತ್ಪತ್ತಿ ಲೈಂಗಿಕವೋ ಅಲೈಂಗಿಕವೋ: ಕಣ್ಣಾರೆ ಕಂಡು ಗುರುತಿಸುವ ಬಗೆ

ಅಲೈಂಗಿಕ ಸಂತಾನೋತ್ಪತ್ತಿಗೆ ಒಂದು ಜೀವಿ ಸಾಕು, ಲೈಂಗಿಕ ಸಂತಾನೋತ್ಪತ್ತಿಗೆ ಎರಡು ಬೇಕು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಈ ಮಾತು ಪೂರ್ತಿ ಸರಿಯಲ್ಲ. ಬಟಾಣಿಯ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಅಲ್ಲಿರುವುದು ಒಂದೇ ಗಿಡ, ಆದರೂ ಅದು ಲೈಂಗಿಕ ಸಂತಾನೋತ್ಪತ್ತಿಯೇ. ಆದ್ದರಿಂದ ಎಷ್ಟು ಜೀವಿಗಳು ಪಾಲ್ಗೊಂಡವು ಎಂದು ಎಣಿಸುವ ಬದಲು, ಎರಡು ಲಿಂಗಾಣುಗಳು (ಗಂಡು ಮತ್ತು ಹೆಣ್ಣು ಸಂತಾನಕೋಶಗಳು) ಕೂಡಿ ಯುಗ್ಮಜ, ಅಂದರೆ ಹೊಸ ಜೀವಿಯ ಮೊದಲ ಕೋಶ, ಆಯಿತೇ ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಪ್ರಯೋಗಗಳನ್ನು ಮಾಡಿ ನೋಡಬಹುದು. ಭೂತಗನ್ನಡಿ, ಸೂಜಿ, ಹರಿತವಾದ ಬ್ಲೇಡು ಮತ್ತು ಸಾಧ್ಯವಾದರೆ ಶಾಲೆಗಳಲ್ಲಿ ಬಳಸುವಂಥ ಸೂಕ್ಷ್ಮದರ್ಶಕ ಇದ್ದರೆ ಸಾಕು.

ಮೊದಲು ಯೀಸ್ಟ್. ನೂರು ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಚಮಚ ಸಕ್ಕರೆ ಕರಗಿಸಿ, ಒಂದು ಚಿಟಿಕೆ ಒಣ ಯೀಸ್ಟ್ ಉದುರಿಸಿ, ಒಂದೆರಡು ಗಂಟೆ ಬಿಡಿ. ನೀರು ಕೈಗೆ ತಾಳಲಾರದಷ್ಟು ಬಿಸಿಯಾಗಿದ್ದರೆ ಯೀಸ್ಟ್ ಸಾಯುತ್ತದೆ; ಈ ಪ್ರಯೋಗ ಕೈಕೊಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ನೊರೆ ಎದ್ದ ಮೇಲೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ನಾನೂರು ಪಟ್ಟು ಹಿಗ್ಗಿಸಿ ನೋಡಿದರೆ ಅಂಡಾಕಾರದ ಕೋಶಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಕೋಶಗಳ ಒಂದು ಬದಿಗೆ ಚಿಕ್ಕ ಗುಳ್ಳೆಯಂಥ ಮೊಗ್ಗು ಅಂಟಿಕೊಂಡಿರುತ್ತದೆ, ಕೆಲವೆಡೆ ಮೊಗ್ಗಿನ ಮೇಲೊಂದು ಮೊಗ್ಗು ಮೂಡಿ ಸರಪಳಿಯೇ ಆಗಿರುತ್ತದೆ. ತಾಯಿಕೋಶದ ವರ್ಣತಂತುಗಳು (ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳು) ನಕಲಾಗಿ, ಒಂದು ನಕಲು ಮೊಗ್ಗಿಗೆ ಸಾಗುತ್ತದೆ. ಇಲ್ಲಿ ಲಿಂಗಾಣುಗಳ ಮಾತೇ ಇಲ್ಲ. ಹೈಡ್ರಾ ಮೊಗ್ಗು ಬಿಡುವುದು, ಅಮೀಬಾ ಸೀಳಿ ಎರಡಾಗುವುದು, ಬೂಷ್ಟು ಬೀಜಕಗಳನ್ನು ಗಾಳಿಗೆ ತೂರುವುದು, ಇವೆಲ್ಲ ನೋಟಕ್ಕೆ ಬೇರೆಬೇರೆಯಾಗಿದ್ದರೂ ನಮ್ಮ ಪ್ರಶ್ನೆಗೆ ಕೊಡುವ ಉತ್ತರ ಒಂದೇ.

ಸಸ್ಯದಲ್ಲಿ ಇದನ್ನು ನೋಡಬೇಕೆಂದರೆ ಕಾಡುಬಸಳೆಯ, ಅಂದರೆ ಪಠ್ಯಪುಸ್ತಕಗಳ ಬ್ರಯೋಫಿಲಂನ, ಬಲಿತ ಎಲೆಯೊಂದನ್ನು ಒದ್ದೆ ಮರಳಿನ ಮೇಲೆ ಮಲಗಿಸಿ, ಮರಳು ಆರದಂತೆ ನೋಡಿಕೊಳ್ಳಿ. ಒಂದೆರಡು ವಾರಗಳಲ್ಲಿ ಎಲೆಯಂಚಿನ ಕಚ್ಚುಗಳಲ್ಲಿ ಮೊದಲು ಬಿಳಿಯ ಬೇರಿನ ಎಳೆಗಳೂ ಜೊತೆಗೆ ಪುಟ್ಟ ಎಲೆಜೋಡಿಗಳೂ ಕಾಣಿಸುತ್ತವೆ. ಪಕ್ಕದಲ್ಲೇ ದಾಸವಾಳದ ಎಲೆಯೊಂದನ್ನೂ ಇಡಿ. ಅದು ಕೊಳೆಯುತ್ತದೆಯೇ ಹೊರತು ಗಿಡವಾಗುವುದಿಲ್ಲ. ಈ ಶಕ್ತಿ ಎಲ್ಲ ಎಲೆಗಳಿಗೂ ಇಲ್ಲವೆಂಬುದು ಹೀಗೆ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಮನವರಿಕೆಯಾಗುತ್ತದೆ.

ಇನ್ನು ಹೂವು. ಇದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಬೇಕೆಂಬುದು ನನ್ನ ಒತ್ತಾಯ. ಐದೆಸಳಿನ ದಾಸವಾಳವನ್ನೇ ಆರಿಸಿಕೊಳ್ಳಿ. ಹಲವು ಸುತ್ತು ಎಸಳುಗಳಿರುವ ತಳಿಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಎಸಳುಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ ನಡುವೆ ಉದ್ದನೆಯ ಕಂಬವೊಂದು ಉಳಿಯುತ್ತದೆ. ಅದರ ಸುತ್ತ ಅಂಟಿರುವ ಹಳದಿ ಪರಾಗಕೋಶಗಳನ್ನು ಬೆರಳಿನಿಂದ ಸವರಿದರೆ ಪರಾಗ ಹತ್ತುತ್ತದೆ, ಭೂತಗನ್ನಡಿಯಲ್ಲಿ ಅದು ಬಿಡಿಬಿಡಿ ಕಾಳುಗಳಾಗಿಯೇ ಕಾಣುತ್ತದೆ. ಈಗ ಸೂಜಿಯಿಂದ ಕಂಬವನ್ನು ಉದ್ದಕ್ಕೆ ಮೆಲ್ಲಗೆ ಸೀಳಿ. ಅದು ಕಂಬವಲ್ಲ, ಕೇಸರಗಳ ದಂಡುಗಳು ಕೂಡಿ ಆದ ಕೊಳವೆ. ಅದರೊಳಗಿಂದ ನವಿರಾದ ಶಲಾಕಾನಳಿಕೆ ಹೊರಬರುತ್ತದೆ. ಮೇಲ್ತುದಿಯಲ್ಲಿ ಐದು ಕವಲೊಡೆದ ಶಲಾಕಾಗ್ರ, ಕೆಳತುದಿಯಲ್ಲಿ ಅಂಡಾಶಯ. ಅಂಡಾಶಯವನ್ನು ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿದರೆ ಐದು ಕೋಣೆಗಳೂ ಅವುಗಳಲ್ಲಿ ಬಿಳಿಯ ಅಂಡಕಗಳೂ ಇರುತ್ತವೆ. ಒಂದೇ ಹೂವಿನಲ್ಲಿ ಗಂಡು ಭಾಗ ಹೆಣ್ಣು ಭಾಗವನ್ನು ಹೀಗೆ ಸುತ್ತುವರಿದಿರುವುದನ್ನು ಒಮ್ಮೆ ಸ್ವತಃ ಬಿಡಿಸಿ ನೋಡಿದವರು ಮರೆಯಲಾರರು. ಉದ್ಯಾನದ ದಾಸವಾಳ ಬೀಜ ಕಟ್ಟುವುದು ಅಪರೂಪವಾದ್ದರಿಂದ ಕಾಯಿಯನ್ನು ನೋಡಲು ಅದರದೇ ಕುಟುಂಬದ ಬೆಂಡೆ ಗಿಡವನ್ನು ಬಳಸಿ. ಹೂವು ಉದುರಿದ ದಿನದಿಂದ ದಿನಕ್ಕೊಂದು ಎಳೆಗಾಯಿಯನ್ನು ಅಡ್ಡ ಕೊಯ್ದರೆ ಅಂಡಕಗಳು ಬೀಜಗಳಾಗುವುದು ಹಂತಹಂತವಾಗಿ ತಿಳಿಯುತ್ತದೆ.

ಶಲಾಕಾಗ್ರಕ್ಕೆ ಪರಾಗ ಬಿದ್ದರೆ ಪರಾಗಸ್ಪರ್ಶವಾಯಿತು, ಅಷ್ಟೆ. ನಿಷೇಚನ, ಅಂದರೆ ಲಿಂಗಾಣುಗಳ ಕೂಡುವಿಕೆ, ಇನ್ನೂ ಆಗಿಲ್ಲ. ಈ ಎರಡನ್ನು ಒಂದೇ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ನಡುವಿನ ದಾರಿಯನ್ನು ನೋಡಲು ನಿತ್ಯಪುಷ್ಪದ ಪರಾಗವನ್ನು ಶೇಕಡ 10ರ ಸಕ್ಕರೆ ದ್ರಾವಣದ ಹನಿಗೆ ಉದುರಿಸಿ, ಅರ್ಧ ಗಂಟೆಯ ನಂತರ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ. ಕಾಳುಗಳಿಂದ ಪಾರದರ್ಶಕವಾದ ನಳಿಕೆಗಳು ಹೊರಟಿರುತ್ತವೆ. ಹೂವಿನಲ್ಲಾದರೆ ಇಂಥ ನಳಿಕೆ ಅಂಡಕದವರೆಗೂ ಬೆಳೆದು ಎರಡು ಗಂಡು ಲಿಂಗಾಣುಗಳನ್ನು ಒಯ್ಯುತ್ತದೆ. ಒಂದು ಅಂಡಾಣುವಿನೊಂದಿಗೆ ಕೂಡಿ ಯುಗ್ಮಜವಾಗುತ್ತದೆ, ಇನ್ನೊಂದರಿಂದ ಭ್ರೂಣಕ್ಕೆ ಆಹಾರವಾಗುವ ಅಂಗಾಂಶ ಬೆಳೆಯುತ್ತದೆ. ಈ ಇಮ್ಮಡಿ ನಿಷೇಚನವನ್ನು 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೆಯ್ ನವಾಶಿನ್ ಗುರುತಿಸಿದರು.

ಲಿಂಗಾಣುಗಳು ತಯಾರಾಗುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗುತ್ತದೆ, ಜೊತೆಗೆ ಅವುಗಳ ಹಂಚಿಕೆ ಪ್ರತಿ ಸಲವೂ ಬೇರೆಯಾಗುತ್ತದೆ. ಮನುಷ್ಯರಲ್ಲಿ ಜೋಡಿಜೋಡಿಯಾಗಿರುವ 46 ವರ್ಣತಂತುಗಳು, ಜೋಡಿಗೊಂದರಂತೆ, 23 ಆಗುತ್ತವೆ. ಯಾವ ಜೋಡಿಯಿಂದ ಯಾವುದು ಎಂಬ ಆಯ್ಕೆಯೊಂದರಿಂದಲೇ 83 ಲಕ್ಷಕ್ಕೂ ಹೆಚ್ಚು ಬಗೆಯ ಲಿಂಗಾಣುಗಳು ಸಾಧ್ಯ. ಒಡಹುಟ್ಟಿದವರು ಒಬ್ಬರಂತೆ ಒಬ್ಬರಿಲ್ಲದಿರುವುದಕ್ಕೆ ಇದು ಮುಖ್ಯ ಕಾರಣ.

ಆಲೂಗಡ್ಡೆಯಲ್ಲಿ ಎರಡೂ ವಿಧಾನಗಳಿವೆ. ಗಡ್ಡೆಯ ಕಣ್ಣುಗಳು ವಾಸ್ತವವಾಗಿ ಕಾಂಡದ ಮೊಗ್ಗುಗಳು. ಕಣ್ಣಿರುವ ತುಂಡನ್ನು ನೆಟ್ಟರೆ ತಾಯಿಗಿಡದ ನಕಲೇ ಬರುತ್ತದೆ. ಅದೇ ಗಿಡ ಹೂಬಿಟ್ಟು ಕಟ್ಟುವ ಹಸಿರು ಹಣ್ಣಿನ ಬೀಜಗಳನ್ನು ಬಿತ್ತಿದರೆ ಪ್ರತಿ ಸಸಿಯೂ ಬೇರೆ. (ಆ ಹಣ್ಣು ವಿಷಕಾರಿ, ತಿನ್ನಬಾರದು.) ಬೆಳೆ ಒಂದೇ ಸಮನಾಗಿರಲೆಂದು ಗಡ್ಡೆಯನ್ನೇ ನೆಡುತ್ತಾರೆ, ಆದರೆ ಇದರ ಬೆಲೆ ಏನೆಂಬುದನ್ನು ಐರ್ಲೆಂಡ್ ಕಂಡಿತು: ಬಹುಪಾಲು ಬಡವರು ಲಂಪರ್ ಎಂಬ ಒಂದೇ ತಳಿಯನ್ನು ನಂಬಿದ್ದ ಆ ದೇಶಕ್ಕೆ 1845ರಲ್ಲಿ ಅಂಗಮಾರಿ ರೋಗ ಬಂದಾಗ ಅದನ್ನು ತಡೆಯುವ ಗುಣ ಹೊಲದ ಯಾವ ಗಿಡದಲ್ಲೂ ಇರಲಿಲ್ಲ, ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ಕಡೆಯದಾಗಿ, ಗೊಂದಲ ಹುಟ್ಟಿಸುವ ಒಂದು ಜೀವಿಯನ್ನು ನಮ್ಮ ಪ್ರಶ್ನೆಯಿಂದ ಪರೀಕ್ಷಿಸೋಣ. ಎಳೆಚಿಗುರಿನ ಕೆಳಗೆ ಗುಂಪುಗಟ್ಟುವ ಸಸ್ಯಹೇನುಗಳಲ್ಲಿ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆ ಮರಿ ಹಾಕುತ್ತವೆ. ಮರಿ ಬೆಳೆಯುವುದು ಅಂಡಾಣುವಿನಿಂದಲೇ, ಆದರೆ ಇನ್ನೊಂದು ಲಿಂಗಾಣು ಅದರೊಡನೆ ಕೂಡುವುದಿಲ್ಲ. ಆದ್ದರಿಂದ ಇದನ್ನು ಅಲೈಂಗಿಕವೆಂದೇ ಎಣಿಸುವುದು ನನಗೆ ಸರಿಯೆನಿಸುತ್ತದೆ. ಕೊರೆಯುವ ಚಳಿಯ ಪ್ರದೇಶಗಳಲ್ಲಿ ಹಗಲು ಕಿರಿದಾಗುತ್ತ ಬಂದಂತೆ ಹಲವು ಜಾತಿಯ ಹೇನುಗಳ ಅದೇ ಸಂತತಿಯಲ್ಲಿ ಗಂಡುಗಳೂ ಹುಟ್ಟುತ್ತವೆ, ಮಿಲನ ನಡೆಯುತ್ತದೆ, ನಿಷೇಚಿತ ಮೊಟ್ಟೆಗಳು ಚಳಿಗಾಲವನ್ನು ದಾಟುತ್ತವೆ. ನೀವೇ ನೋಡಬೇಕಿದ್ದರೆ, ಮೆತ್ತನೆಯ ಕುಂಚದಿಂದ ರೆಕ್ಕೆಯಿಲ್ಲದ ಒಂದೇ ಒಂದು ಬಲಿತ ಹೇನನ್ನು ಸ್ವಚ್ಛವಾದ ಚಿಗುರಿಗೆ ದಾಟಿಸಿ, ಚಿಗುರಿಗೆ ತೆಳುಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಬಿಚ್ಚಿ ಎಣಿಸುತ್ತ ಹೋಗಿ.