ಸೋಲಾರ್ ಡ್ರೈಯರ್‌ಗೆ ಬಿಸಿಗಿಂತ ಗಾಳಿ ಮುಖ್ಯ ಕಣ್ರೀ

ನಮ್ ಶಿರಸಿ ಕಡೆ ಬಾಳೆಹಣ್ಣು ಒಣಗಿಸಿ ಸುಕೇಳಿ ಮಾಡೋದು ಹೊಸದೇನಲ್ಲ. ಅಂಗಳದಲ್ಲಿ ಚಾಪೆ ಹಾಸಿ ಮೇಲೊಂದು ಹಳೇ ಸೀರೆ ಮುಚ್ಚಿ ಕಾಗೆ ಓಡಿಸ್ತಾ ಕೂರ್ತಿದ್ವಿ, ಮೋಡ ಕಟ್ತು ಅಂದ್ರೆ ಒಲೆ ಮೇಲಿಂದು ಬಿಟ್ಟು ಓಡ್ಬೇಕು. ಗೊನೆ ಒಟ್ಟಿಗೇ ಹಣ್ಣಾಗುತ್ತಲ್ವಾ, ಮನೆಯವ್ರು ತಿಂದು ಉಳಿದದ್ದು ದನಕ್ಕೇ ಹೋಗ್ತಿತ್ತು, ಹೊಟ್ಟೆ ಉರೀತಿತ್ತು ನೋಡಿ.

ಸೋಲಾರ್ ಡ್ರೈಯರ್, ಅಂದ್ರೆ ಬಿಸಿಲಿನ ಕಾವಲ್ಲಿ ಹಣ್ಣು-ತರಕಾರಿ ಒಣಗಿಸೋ ಗಾಜಿನ ಪೆಟ್ಟಿಗೆ, ತಂದ ಹೊಸದ್ರಲ್ಲಿ ನಾನು ಬಿಸಿ ಹೊರಗೆ ಹೋಗ್ಬಾರ್ದು ಅಂತ ಮೇಲಿನ ಕಿಂಡಿಗೆ ಬಟ್ಟೆ ತುರುಕಿದ್ದೆ. ಸಂಜೆ ನೋಡಿದ್ರೆ ಗಾಜಿನ ಒಳಗೆಲ್ಲ ನೀರ ಹನಿ, ಹಣ್ಣು ಹುಳಿ ವಾಸನೆ. ಕೆಳಗಿನ ಕಿಂಡಿಯಿಂದ ಬಂದ ಗಾಳಿ ಕಪ್ಪು ತಗಡಿನ ಮೇಲೆ ಕಾದು, ಹಣ್ಣಿನ ತೇವ ಹೊತ್ಕೊಂಡು ಮೇಲಿಂದ ಹೋಗ್ಬೇಕು, ಅಷ್ಟೇ ಕೆಲಸ. ಹಗಲು ಎರಡೂ ಕಿಂಡಿ ತೆಗೆದಿಡಿ, ನೊಣ ಬರ್ದಂಗೆ ಬಲೆ ಹಾಕಿ. ರಾತ್ರಿ ಮಾತ್ರ ಮುಚ್ಚಿ, ಇಲ್ದಿದ್ರೆ ಇಬ್ಬನಿ ಗಾಳಿಗೆ ಒಣಗಿದ್ದು ಮತ್ತೆ ಮೆತ್ತಗಾಗುತ್ತೆ. ಹೋಳು ಅರ್ಧ ಸೆಂಟಿಮೀಟರ್ ದಪ್ಪ ಸಾಕು, ಒಂದರ ಮೇಲೊಂದು ಬೀಳ್ಬಾರ್ದು.

ಒಳಗೆ 50ರಿಂದ 60 ಡಿಗ್ರಿ ಇದ್ರೆ ಚೆಂದ, ಒಂದು ಸಣ್ಣ ಥರ್ಮಾಮೀಟರ್ ತೂಗುಹಾಕಿ. ಮೊದಲಿಗೇ ಜಾಸ್ತಿ ಕಾಯಿಸಿದ್ರೆ ಹೊರಗೆ ಸಿಪ್ಪೆ ಥರ ಗಟ್ಟಿಯಾಗಿ ಒಳಗಿನ ತೇವ ಹಂಗೇ ಸಿಕ್ಕಾಕ್ಕೊಳ್ಳುತ್ತೆ, ನೋಡೋಕೆ ಒಣಗಿದಂಗೇ ಇರುತ್ತೆ, ತಿಂಗಳಿಗೆ ಬೂಸ್ಟು.

ಟೊಮೆಟೊ ರೇಟ್ ಬಿದ್ದಾಗ ರಸ್ತೆಗೆ ಸುರಿಯೋದು ನೋಡಿದ್ರೆ ಸಂಕಟ ಆಗುತ್ತೆ. ಅದ್ರಲ್ಲಿ ಸುಮಾರು ನೂರಕ್ಕೆ 94 ಪಾಲು ನೀರೇ, 10 ಕೆಜಿ ಒಣಗಿಸಿದ್ರೆ ಮುಕ್ಕಾಲು ಕೆಜಿನೂ ಸಿಗಲ್ಲ, ಆದ್ರೂ ಸಾರು ಮಾಡೋಕೆ ವರ್ಷವಿಡೀ ಆಗುತ್ತೆ. ಹುಳಿ ಇರೋದಕ್ಕೆ ಸತು ಲೇಪಿಸಿದ ತಂತಿ ಜಾಲರಿ ಬೇಡ, ಸ್ಟೀಲೇ ಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣನೇ ಬೆಲೆ, ನುಗ್ಗೆಸೊಪ್ಪಿಗೆ ಹಸಿರೇ ಚೆಂದ, ಅವೆರಡಕ್ಕೂ ನೇರ ಬಿಸಿಲು ತಾಗ್ಬಾರ್ದು, ತಟ್ಟೆ ಮೇಲೆ ಕಪ್ಪು ಬಟ್ಟೆ ಕಟ್ಟಿ, ಗಾಳಿ ಹೋಗೋಕೆ ಮಧ್ಯೆ ಜಾಗ ಬಿಡಿ.

ಬಿಸಿ ಬಿಸಿ ಇರುವಾಗ ಡಬ್ಬಿಗೆ ತುಂಬ್ಬೇಡಿ. ಪೂರ್ತಿ ಆರಿದ್ಮೇಲೆ ಗಾಜಿನ ಜಾಡಿಗೆ ಮುಕ್ಕಾಲು ಹಾಕಿ, ಒಂದು ವಾರ ದಿನಾ ಅಲ್ಲಾಡಿಸಿ ನೋಡಿ, ಒಳಗೆ ಮಂಜು ಹಿಡಿದ್ರೆ ತಕ್ಷಣ ಮತ್ತೆ ತಟ್ಟೆಗೆ. ಮೆಣಸಿನಕಾಯಿ, ಶೇಂಗಾ, ಕೊಬ್ಬರಿಗೆ ಬೂಸ್ಟು ಬಂದಿದ್ರೆ ಒರೆಸಿ ತಿನ್ನೋಕೆ ಹೋಗ್ಬೇಡಿ, ಅದರ ವಿಷ ಹುರಿದ್ರೂ ಪೂರ್ತಿ ಹೋಗಲ್ಲ, ದನಕ್ಕೂ ಹಾಕ್ಬೇಡಿ, ಹಾಲಿಗೆ ಬರುತ್ತೆ.