ಪಿಕಾ ಉಷ್ಣ ಕವಚದ ಮಾಡೆಲ್: ಮೊದಲು ಒಂದೇ ಆಯಾಮದಲ್ಲಿ ಓಡಿಸಿ

ಕ್ಯೂರಿಯಾಸಿಟಿ ರೋವರ್ 2012ರಲ್ಲಿ ಮಂಗಳಕ್ಕೆ ಇಳಿದಾಗ ಅದರ 4.5 ಮೀಟರ್ ಅಗಲದ ಉಷ್ಣ ಕವಚಕ್ಕೆ ಹೊದಿಸಿದ್ದು ಪಿಕಾ. ಇಂಗಾಲದ ನಾರಿನ ಹಲಗೆಗೆ ಫೀನಾಲಿಕ್ ರಾಳ ಹೀರಿಸಿ ಮಾಡಿದ ಹಗುರ ವಸ್ತು ಇದು. ಇದು ಬಿಸಿಗೆ ಹೇಗೆ ಇದ್ದಿಲಾಗಿ ಸವೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಅಭ್ಯಾಸಕ್ಕೆ ಪಿಕಾವನ್ನೇ ಹೋಲುವ ಟ್ಯಾಕೋಟ್ ಎಂಬ ಕಾಲ್ಪನಿಕ ವಸ್ತುವಿನ ಮುಕ್ತ ದತ್ತಾಂಶ ಸಾಕು: ಗಾತ್ರದಲ್ಲಿ 10% ನಾರು, 10% ರಾಳ, ಮಿಕ್ಕಿದ್ದು ಪೊಳ್ಳು. ಸಾಂದ್ರತೆ ಘನ ಮೀಟರಿಗೆ 280 ಕೆ.ಜಿ., ಪೂರ್ತಿ ಇದ್ದಿಲಾದ ಮೇಲೆ 220. ಓಪನ್‌ಫೋಮ್ ಎಂಬ ಹರಿವಿನ ಲೆಕ್ಕದ ಸಾಫ್ಟ್‌ವೇರ್ ಮೇಲೆ ಕಟ್ಟಿದ ನಾಸಾದ ಪೇಟೋ ಸಾಫ್ಟ್‌ವೇರ್ ಇದಕ್ಕೆ ಹೊಂದುತ್ತದೆ.

ಮೊದಲ ರನ್‌ನಲ್ಲಿ ಮೇಲ್ಮೈ ಸವೆಯುವುದೇ ಬೇಡ. 5 ಸೆಂ.ಮೀ. ದಪ್ಪ, ಆರಂಭದಲ್ಲಿ 300 ಕೆಲ್ವಿನ್, ಹಿಂಬದಿಯಿಂದ ಶಾಖ ಸೋರದು. ಮೇಲ್ಮೈಯನ್ನು 0.1 ಸೆಕೆಂಡಿನಲ್ಲಿ 1644 ಕೆಲ್ವಿನ್‌ಗೆ ಏರಿಸಿ 60 ಸೆಕೆಂಡು ಹಿಡಿದಿಡಿ. 1, 2, 4, 8, 16, 24 ಮಿ.ಮೀ. ಆಳದ ತಾಪವನ್ನು ಬರೆಸಿಕೊಳ್ಳಿ.

ದಪ್ಪವನ್ನು ಕೋಶಗಳಾಗಿ ಹೋಳು ಮಾಡುವ ಮೆಶ್ ಎಷ್ಟು ಸಣ್ಣಗಿರಬೇಕು? ಉಷ್ಣ ಪ್ರಸರಣಾಂಕ (ಶಾಖ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಸುಮಾರು 1.4×10⁻⁶ ಚದರ ಮೀಟರ್/ಸೆಕೆಂಡ್ ಎಂದಿಟ್ಟುಕೊಂಡರೆ 0.1 ಸೆಕೆಂಡಿನಲ್ಲಿ ಶಾಖ ಇಳಿಯುವುದು 0.4 ಮಿ.ಮೀ.ಗೂ ಕಡಿಮೆ. ಆದ್ದರಿಂದ ಮೇಲಿನ ಕೋಶ 0.05 ಮಿ.ಮೀ. ಇರಲಿ, ಒಳಗೆ ಹೋದಂತೆ 5% ದೊಡ್ಡದಾಗಲಿ. ಒಂದೇ ಅಳತೆಯ 0.5 ಮಿ.ಮೀ. ಕೋಶ ಕೊಟ್ಟರೆ 1 ಮಿ.ಮೀ. ಆಳದ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ರಾಳ ಕೋಶಕ್ಕೊಂದು ಸಲ ದಿಢೀರನೆ ಅನಿಲ ಉಗುಳುವುದೇ ಅದಕ್ಕೆ ಕಾರಣ.

ಗ್ರಾಫ್ ನೋಡುವ ಮೊದಲು ಲೆಕ್ಕ ತಾಳೆ ನೋಡಿ. ಪ್ರತಿ ಘನ ಮೀಟರ್ ಕಳೆದುಕೊಳ್ಳಬಹುದಾದದ್ದು 60 ಕೆ.ಜಿ. ಮಾತ್ರ, 5 ಸೆಂ.ಮೀ. ಪೂರ್ತಿ ಇದ್ದಿಲಾದರೂ ಚದರ ಮೀಟರಿಗೆ 3 ಕೆ.ಜಿ. ಅನಿಲ. ಹೊರಬಿದ್ದ ಒಟ್ಟು ಅನಿಲ ಅದನ್ನು ದಾಟಿದರೆ ಮುಂದೆ ಹೋಗಬೇಡಿ.

ಎರಡನೇ ರನ್‌ನಲ್ಲಿ ಮೇಲ್ಮೈ ತಾಪವನ್ನು ನೀವು ಕೊಡುವುದಿಲ್ಲ, ಶಕ್ತಿಯ ಜಮಾ-ಖರ್ಚಿನಿಂದ ಅದೇ ಹುಟ್ಟಬೇಕು. ಶಾಖ ವರ್ಗಾವಣೆ ಗುಣಾಂಕ 0.3 ಕೆ.ಜಿ./ಚದರ ಮೀಟರ್-ಸೆಕೆಂಡ್, ಗಾಳಿಯ ಎಂಥಾಲ್ಪಿ (ಪ್ರತಿ ಕೆ.ಜಿ. ಹೊತ್ತ ಶಾಖಶಕ್ತಿ) 25 ಮೆಗಾಜೂಲ್/ಕೆ.ಜಿ. ಕೊಡಿ. ಬಹುಪಾಲು ತಪ್ಪು ಇಲ್ಲೇ. ಘನವಸ್ತುವಿನ ಎಂಥಾಲ್ಪಿಯನ್ನು ಸೊನ್ನೆಯಿಂದಲೂ ಅನಿಲದ್ದನ್ನು ರಚನಾ ಎಂಥಾಲ್ಪಿ (ಮೂಲಧಾತುಗಳಿಂದ ಅಣು ಕಟ್ಟುವಾಗಿನ ಶಾಖ) ಸೇರಿಸಿಯೂ ಎಣಿಸಿದರೆ ಮೇಲ್ಮೈ ತಾಪ ನೂರಾರು ಕೆಲ್ವಿನ್ ತಪ್ಪಬಹುದು. ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡದೆ ಓಡುತ್ತಲೇ ಇರುತ್ತದೆ! ಎರಡಕ್ಕೂ 298 ಕೆಲ್ವಿನ್‌ನ ಒಂದೇ ಆಧಾರವಿರಲಿ. 3000 ಕೆಲ್ವಿನ್‌ನಲ್ಲಿ, ಎಮಿಸಿವಿಟಿ (ಶಾಖ ಹೊರಸೂಸುವ ಸಾಮರ್ಥ್ಯ) 0.85 ಆದರೆ, ಮೇಲ್ಮೈ ಚದರ ಸೆಂ.ಮೀ.ಗೆ ಸುಮಾರು 390 ವ್ಯಾಟ್ ಹೊರಸೂಸುತ್ತದೆ. ಈ ಅಂಕಿ ತಲೆಯಲ್ಲಿರಲಿ.

ಸವೆತಕ್ಕೂ ಕೈಲೆಕ್ಕವಿದೆ. ಗಾಳಿಯ ತೂಕದಲ್ಲಿ 23% ಆಮ್ಲಜನಕ. ಅಷ್ಟೂ ಇಂಗಾಲದ ಮಾನಾಕ್ಸೈಡ್ ಆದರೆ 0.23×12÷16, ಅಂದರೆ ಒಂದು ಕೆ.ಜಿ. ಗಾಳಿಗೆ 0.17 ಕೆ.ಜಿ. ಇಂಗಾಲ. ದ್ರವ್ಯ ವರ್ಗಾವಣೆ ಗುಣಾಂಕವೂ 0.3 ಎಂದುಕೊಂಡು ಗುಣಿಸಿ, ಇದ್ದಿಲಿನ ಸಾಂದ್ರತೆ 220ರಿಂದ ಭಾಗಿಸಿದರೆ ಸವೆತ ಸೆಕೆಂಡಿಗೆ 0.23 ಮಿ.ಮೀ. ಒಳಗಿನಿಂದ ಬರುವ ಅನಿಲ ಗಾಳಿಯನ್ನು ದೂರ ತಳ್ಳುವುದರಿಂದ ನಿಮ್ಮ ಉತ್ತರ ಇದಕ್ಕಿಂತ ಕಡಿಮೆ ಬರಬೇಕು. ಇಂಗಾಲವೇ ಆವಿಯಾಗುವಷ್ಟು ಬಿಸಿಯಾಗದ ಹೊರತು, ಹೆಚ್ಚು ಬಂದರೆ ಈ ತಳ್ಳುವಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಬ್ಲೋಯಿಂಗ್ ತಿದ್ದುಪಡಿ ಆಫ್ ಆಗಿದೆಯೇ ನೋಡಿ. ಲ್ಯಾಮಿನಾರ್ (ಸುಳಿಯಿಲ್ಲದ ನಯವಾದ) ಹರಿವಿಗೆ ಅದರ ಗುಣಾಂಕ 0.5.

ಇವು ತಾಳೆಯಾದ ಮೇಲೆ ಎರಡು ಆಯಾಮ. ಪಿಕಾದ ನಾರುಗಳು ಹೆಚ್ಚಾಗಿ ಹಲಗೆಯ ಸಮತಲದಲ್ಲಿ ಮಲಗಿರುವುದರಿಂದ ದಪ್ಪದ ದಿಕ್ಕಿಗಿಂತ ಅಡ್ಡಲಾಗಿ ಶಾಖ ಬೇಗ ಹರಿಯುತ್ತದೆ. ಕವಚದ ಅಂಚು ಬಾಗುವ ಭುಜದ ತಿರುವಿನಲ್ಲಿ ವಾಹಕತೆಯ ಟೆನ್ಸರನ್ನು (ಯಾವ ದಿಕ್ಕಿಗೆ ಎಷ್ಟು ವಾಹಕತೆ ಎಂದು ಹೇಳುವ ಅಂಕಿಗಳ ಕೋಷ್ಟಕ) ಹಲಗೆ ಕೂತ ಕೋನಕ್ಕೆ ತಿರುಗಿಸಿ, ಮೇಲ್ಮೈಯ ವಕ್ರತೆಗಲ್ಲ.