ಲೀಟನ್ ಕಡೆ ಹಕ್ಕಿ ನೋಡಲು ಕಾರಲ್ಲಿ ಹೊರಟವರಿಗೆ

ಸಿಡ್ನಿಯಿಂದ ನ್ಯೂ ಸೌತ್ ವೇಲ್ಸ್‌ನ ಒಳನಾಡಿಗೆ ಹೊರಟಿದ್ದರೆ ನರಾಂಡೆರಾ, ಲೀಟನ್ ಎರಡನ್ನೂ ಸೇರಿಸಿಕೊಳ್ಳಿ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗಾದರೆ ಮರಂಬಿಜಿ ನದಿಯಂಚಿನ ರೆಡ್ ಗಮ್ (ಒಂದು ಬಗೆಯ ನೀಲಗಿರಿ) ಮರಗಳಲ್ಲಿ ಸೂಪರ್ಬ್ ಪ್ಯಾರಟ್ ಹುಡುಕಿ: ಹಸಿರು ಮೈ, ಗಂಡಿಗೆ ಹಳದಿ ಮುಖ, ಅದರ ಕೆಳಗೆ ಕೆಂಪು ಪಟ್ಟಿ.

ಲೀಟನ್ ಊರಿಗೆ ತಾಗಿಕೊಂಡಂತಿರುವ ಫೈವ್‌ಬೋ ಜೌಗು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿಯಲ್ಲಿರುವಂಥದ್ದು. ನಮ್ಮ ಸಾರಸದ ದಾಯಾದಿ ಬ್ರೋಲ್ಗಾ ಅಲ್ಲಿಗೆ ಬರುವುದು ಸಂಜೆ, ರಾತ್ರಿ ತಂಗಲು. ಹಾಗಾಗಿ ರೂಮು ಲೀಟನ್‌ನಲ್ಲೇ ಮಾಡಿ. ಮುಸ್ಸಂಜೆಯಲ್ಲಿ ಹೆದ್ದಾರಿಗಿಳಿದರೆ ಕಾಂಗರೂ ಅಡ್ಡ ಹಾರುತ್ತದೆ. ಹಾರಿದರೆ ಸ್ಟೀರಿಂಗ್ ತಿರುಗಿಸಬೇಡಿ, ನೇರವಾಗಿ ಬ್ರೇಕ್ ಒತ್ತಿ. ಕಾಂಗರೂವನ್ನು ತಪ್ಪಿಸಲು ತಿರುಗಿಸಿದರೆ ಕಾರೇ ಪಲ್ಟಿಯಾಗಬಹುದು.

ಬಾಡಿಗೆ ಕಾರಿನ ಕರಾರಿನಲ್ಲಿ ಎರಡು ವಿಷಯ ಓದಿ: ಮಣ್ಣುರಸ್ತೆಗೆ ವಿಮೆ ಇದೆಯೇ, ರಾತ್ರಿ ಪ್ರಾಣಿ ಡಿಕ್ಕಿಗೆ ಇದೆಯೇ. ಹಲವು ಕರಾರುಗಳಲ್ಲಿ ಇರುವುದಿಲ್ಲ. ಕಾರಿನ ಹಿಂದಿನ ಡಿಕ್ಕಿ ತೆರೆದು ಸ್ಟೆಪ್ನಿಯನ್ನೂ ನೋಡಿ. ಕೆಲವದರಲ್ಲಿ ಬರೀ ಪಂಕ್ಚರ್ ಕಿಟ್ ಇರುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿನ ಎರೆಮಣ್ಣು ಟೈರಿಗೆ ಮೆತ್ತಿ ಚಕ್ರವೇ ತಿರುಗದು. ‘ರಸ್ತೆ ಬಂದ್’ ಬೋರ್ಡ್ ದಾಟಿದರೆ ದಂಡ ಬೇರೆ.

ಹಕ್ಕಿಗಳು ಕಾರಿಗಿಂತ ಇಳಿದ ಮನುಷ್ಯನಿಗೆ ಹೆಚ್ಚು ಬೆದರುತ್ತವೆ. ಸೂರ್ಯ ಬೆನ್ನಿಗೆ ಬರುವಂತೆ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿಗೆ ಟವೆಲ್ ಮಡಚಿಟ್ಟು ಅದರ ಮೇಲೆ ಲೆನ್ಸ್ ಊರಿ. ಎಂಜಿನ್ ಆನ್ ಇದ್ದರೆ ಆ ನಡುಕಕ್ಕೇ ಚಿತ್ರ ಮಸುಕಾಗುತ್ತದೆ.